ಹಳೆಯ ಹಾಟ್ ಟಬ್ಬು ಸೋರುವುದೆಲ್ಲಿ?

ನಮ್ಮ ಬಚ್ಚಲುಮನೆಯ ಹಂಡೆಯಲ್ಲಿ ಕಾದ ನೀರು ಮೈಮೇಲೆ ಬಿದ್ದು ಮೋರಿಯನ್ನು ಸೇರಿತೆಂದರೆ ಅದರ ಕಾರ್ಯ ಮುಗಿಯಿತು. ಆದರೆ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ, ಮುಖ್ಯವಾಗಿ ಕ್ಯಾಲಿಫೋರ್ನಿಯದಲ್ಲಿಯೂ ಹಿಮ ಬೀಳುವ ಉತ್ತರದ ಸೀಮೆಗಳಲ್ಲಿಯೂ, ಮನೆಯ ಹಿತ್ತಿಲಲ್ಲಿ ಇರಿಸಿಕೊಳ್ಳುವ ‘ಹಾಟ್ ಟಬ್’ ಎಂಬ ಸ್ನಾನದ ತೊಟ್ಟಿಯಲ್ಲಿ ಒಮ್ಮೆ ತುಂಬಿದ ನೀರೇ ಮೂರು ನಾಲ್ಕು ತಿಂಗಳ ಪರ್ಯಂತ ಶೋಧಕದಲ್ಲಿ ಸೋಸಿಕೊಂಡು, ಹೀಟರಿನಲ್ಲಿ ಕಾದು, ಕ್ಲೋರಿನ್ ಅಥವಾ ಬ್ರೋಮಿನ್ನಿನಿಂದ ಶುದ್ಧಿಗೊಂಡು, ಒಳಗಿನ ಕೊಳವೆಗಳಲ್ಲಿ ಮತ್ತೆ ಮತ್ತೆ ಸುತ್ತುತ್ತಿರುತ್ತದೆ. ಆದಕಾರಣ ಅದನ್ನು ಪಾತ್ರೆಯೆಂದು ಭಾವಿಸುವುದಕ್ಕಿಂತ ಯಂತ್ರವೆಂದು ಭಾವಿಸುವುದೇ ಯುಕ್ತ. ಪಾತ್ರೆ ಸೋರಿದರೆ ತೂತನ್ನು ಹುಡುಕಿ ಮುಚ್ಚಿದರಾಯಿತು. ಯಂತ್ರ ಸೋರಿದರೆ ಮೊದಲು ಅದರ ರಚನೆಯನ್ನು ಅರಿಯಬೇಕು. ಯಾರೋ ಬಳಸಿ ಬಿಟ್ಟ ಟಬ್ಬನ್ನು ಅಗ್ಗಕ್ಕೆ ಕೊಂಡು ತಂದವರು, ಅವರಲ್ಲಿ ಅಲ್ಲಿ ನೆಲೆಸಿರುವ ಕನ್ನಡಿಗರೂ ಇಲ್ಲದಿಲ್ಲ, ಬಹುಮಟ್ಟಿಗೆ ಮೊದಲು ಎದುರಿಸುವ ಕಷ್ಟವೇ ಈ ಸೋರಿಕೆ.

ಈ ಯಂತ್ರದ ಪೂರ್ವಚರಿತ್ರೆ ಕುತೂಹಲಕರವಾದದ್ದು. ಇಟಲಿಯ ಈಶಾನ್ಯ ಭಾಗದ ಫ್ರಿಯೂಲಿ ಪ್ರಾಂತ್ಯದಿಂದ ಕ್ಯಾಲಿಫೋರ್ನಿಯಕ್ಕೆ ವಲಸೆ ಬಂದ ಜಕೂಜಿ ಸೋದರರು ಬರ್ಕ್ಲಿ ಪಟ್ಟಣದಲ್ಲಿ ವಿಮಾನದ ಪ್ರೊಪೆಲರುಗಳನ್ನು ತಯಾರಿಸುತ್ತಿದ್ದರು. ಅವರೇ ನಿರ್ಮಿಸಿದ ವಿಮಾನವೊಂದು 1921ರಲ್ಲಿ ಅಪಘಾತಕ್ಕೀಡಾಗಿ ಸೋದರರಲ್ಲೊಬ್ಬನು ಮಡಿದ ತರುವಾಯ ಆಕಾಶದ ಉದ್ಯಮವನ್ನು ತೊರೆದು, ಬಾವಿಯ ನೀರನ್ನೆತ್ತುವ ಪಂಪುಗಳ ಉದ್ಯಮಕ್ಕೆ ಇಳಿದರು. ಕಿರಿಯ ಸೋದರನಾದ ಕ್ಯಾಂಡಿಡೋನ ಮಗುವಿಗೆ ಸಂಧಿವಾತ ತಗುಲಿದಾಗ, ಆಸ್ಪತ್ರೆಯ ಜಲಚಿಕಿತ್ಸೆಯನ್ನು ಮನೆಯಲ್ಲಿಯೇ ಒದಗಿಸಬೇಕೆಂಬ ಪಿತೃವಾತ್ಸಲ್ಯದಿಂದ ಆತ ಸ್ನಾನದ ತೊಟ್ಟಿಯಲ್ಲಿ ಇಳಿಬಿಡಬಹುದಾದ ಒಂದು ಪಂಪನ್ನು ರೂಪಿಸಿದನು. 1956ರ ವೇಳೆಗೆ ಅದು ಮಾರುಕಟ್ಟೆಗೆ ಬಂದಿತು, 1968ರಲ್ಲಿ ಅದೇ ಮನೆತನದ ರಾಯ್ ಜಕೂಜಿ ಪಂಪನ್ನೂ ಚಿಮ್ಮುಬಾಯಿಗಳನ್ನೂ ತೊಟ್ಟಿಯ ಗೋಡೆಯೊಳಕ್ಕೇ ಅಡಗಿಸಿದನು. ಸೋರಿಕೆಯ ದೃಷ್ಟಿಯಿಂದ ನೋಡಿದರೆ ಅನರ್ಥದ ಬೀಜ ಬಿದ್ದುದು ಆ ವರ್ಷವೇ ಎನ್ನಬೇಕು. ಏಕೆಂದರೆ ಅಲ್ಲಿಯವರೆಗೆ ಅಖಂಡವಾಗಿದ್ದ ತೊಟ್ಟಿಗೆ ಅಂದಿನಿಂದ ತೂತು ಕೊರೆಯುವುದು ಅನಿವಾರ್ಯವಾಯಿತು.

ಇಂದಿನ ಸಾಧಾರಣ ಟಬ್ಬೊಂದು ಸಾವಿರದಿಂದ ಸಾವಿರದೈನೂರು ಲೀಟರು ನೀರನ್ನು ಹಿಡಿಯುತ್ತದೆ. ಒಳಮೈ ಆಕ್ರಿಲಿಕ್ ಹಾಳೆಯದು, ಅದರ ಬೆನ್ನಿಗೆ ಗಾಜಿನ ನಾರಿನ ಲೇಪ. ಈ ಚಿಪ್ಪು ಒಡೆಯುವುದು ತೀರ ಅಪರೂಪ. ಆದರೆ ಚಿಪ್ಪಿನ ಸುತ್ತ ಹತ್ತಾರು ಜೆಟ್ಟುಗಳು, ಎಂದರೆ ಚಿಮ್ಮುಬಾಯಿಗಳು, ಇರುತ್ತವೆ. ಇಕ್ಕಟ್ಟಾದ ಬಾಯಿಯಿಂದ ನೀರು ರಭಸವಾಗಿ ನುಗ್ಗುವಾಗ ಅಲ್ಲಿನ ಒತ್ತಡ ತಗ್ಗಿ ಪಕ್ಕದ ಗಾಳಿಯನ್ನು ಎಳೆದುಕೊಳ್ಳುತ್ತದೆಂದು 1797ರಲ್ಲಿ ವೆಂಚುರಿ ಎಂಬ ವಿಜ್ಞಾನಿ ಪ್ರಕಟಿಸಿದ ತತ್ತ್ವವೇ ಜೆಟ್ಟಿನ ಮೂಲವಾದ್ದರಿಂದ, ಪ್ರತಿಯೊಂದಕ್ಕೂ ನೀರಿನದೊಂದು, ಗಾಳಿಯದೊಂದು ಹೀಗೆ ಎರಡು ಕೊಳವೆಗಳು ಬೇಕು. ಇವುಗಳ ಮೇಲೆ ಪಂಪು, ಹೀಟರು, ಶೋಧಕ, ವಾಲ್ವುಗಳು, ನೀರನ್ನು ಕವಲೊಡೆಸುವ ಬಹುಮುಖ ಕೊಳವೆಗಳು, ಇವೆಲ್ಲವನ್ನೂ ಜೋಡಿಸುವ ಯೂನಿಯನ್ನುಗಳು ಸೇರಿ ಕೀಲುಗಳ ಸಂಖ್ಯೆ ಅನಾಯಾಸವಾಗಿ ನೂರನ್ನು ದಾಟುತ್ತದೆ. ಅನೇಕ ತಯಾರಕರು ಶಾಖ ಹೊರಹೋಗದಿರಲೆಂದು ಈ ಕೊಳವೆಗಳ ಕಾಡನ್ನೆಲ್ಲ ಪಾಲಿಯುರಿಥೇನ್ ಫೋಮಿನಿಂದ ಗಟ್ಟಿಯಾಗಿ ತುಂಬಿಬಿಡುತ್ತಾರೆ. ಶಾಖ ಉಳಿಯುತ್ತದೆ, ನಿಜ. ಆದರೆ ಕೀಲುಗಳೆಲ್ಲ ಕಣ್ಣಿಗೆ ಮರೆಯಾಗುತ್ತವೆ.

ಮೊದಲ ಯಜಮಾನನ ಮನೆಯಲ್ಲಿ ಸೋರದಿದ್ದ ಟಬ್ಬು ಎರಡನೆಯವನ ಮನೆಗೆ ಬಂದೊಡನೆ ಸೋರತೊಡಗುವುದರಲ್ಲಿ ವಂಚನೆಯೇ ಇರಬೇಕಾಗಿಲ್ಲ. ಸಾಗಿಸುವಾಗ ಅದನ್ನು ಮಗ್ಗುಲಾಗಿ ನಿಲ್ಲಿಸಿ ಲಾರಿಗೇರಿಸುತ್ತಾರೆ; ವರ್ಷಗಟ್ಟಲೆ ಒಂದೇ ಭಂಗಿಯಲ್ಲಿದ್ದು ಬಿರುಸಾದ ಕೊಳವೆಗಳು ಆಗ ತಮ್ಮ ಭಾರಕ್ಕೇ ಬಾಗಿ, ಅಂಟಿಸಿದ ಸಂದುಗಳು ಸಡಿಲುತ್ತವೆ. ನೀರಿನಲ್ಲಿ ನೆನೆದು ಉಬ್ಬಿಕೊಂಡಿದ್ದ ರಬ್ಬರಿನ ಗ್ಯಾಸ್ಕೆಟ್ಟುಗಳು ತಿಂಗಳುಗಟ್ಟಲೆ ಒಣಗಿ ಕುಗ್ಗುತ್ತವೆ. ಇವುಗಳಲ್ಲಿ ಕೆಲವು ಮತ್ತೆ ನೆನೆದಾಗ ಒಂದೆರಡು ದಿನಗಳಲ್ಲಿ ತಾವಾಗಿಯೇ ಸರಿಹೋಗುವುದೂ ಉಂಟು. ಮೂರನೆಯ ಕಾರಣ ಶೀತ, ಎಲ್ಲಕ್ಕಿಂತ ಕ್ರೂರವಾದದ್ದೂ ಅದೇ. ತೊಟ್ಟಿಯನ್ನು ಬರಿದುಮಾಡಿದರೂ ಕೊಳವೆಗಳ ತಗ್ಗುಗಳಲ್ಲಿಯೂ ಪಂಪಿನ ಹೊಟ್ಟೆಯಲ್ಲಿಯೂ ನೀರು ನಿಂತೇ ಇರುತ್ತದೆ. ವಿದ್ಯುತ್ತಿಲ್ಲದೆ ಬಿದ್ದಿರುವ ಟಬ್ಬಿನಲ್ಲಿ ಚಳಿಗಾಲದ ಒಂದು ರಾತ್ರಿ ಆ ನೀರು ಹೆಪ್ಪುಗಟ್ಟಿ ಸುಮಾರು ಶೇಕಡ 9ರಷ್ಟು ಹಿಗ್ಗಿದರೆ, ಪ್ಲಾಸ್ಟಿಕ್ಕಿನ ಯಾವ ಕವಚವೂ ಅದನ್ನು ತಾಳಲಾರದು.

ನೀರು ಕಡಮೆಯಾದ ಮಾತ್ರಕ್ಕೆ ಸೋರಿಕೆಯೆಂದು ನಿರ್ಣಯಿಸುವುದು ಅವಸರವಾದೀತು. ಸುಮಾರು 40 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದ ನೀರು ಮುಚ್ಚಳ ತೆರೆದಿದ್ದರೆ ಧಾರಾಳವಾಗಿ ಆವಿಯಾಗುತ್ತದೆ. ಎರಡು ಮೀಟರು ಉದ್ದಗಲದ ಟಬ್ಬಿನಲ್ಲಿ ಮಟ್ಟ ಒಂದು ಸೆಂಟಿಮೀಟರು ಇಳಿಯಿತೆಂದರೆ 40 ಲೀಟರು ಹೋಯಿತೆಂದು ಅರ್ಥ. ಚೆನ್ನಾಗಿ ಮುಚ್ಚಿಟ್ಟ ಟಬ್ಬಿನಲ್ಲಿ ದಿನವೂ ಇಷ್ಟಾದರೆ ಅದು ಆವಿಯ ಕೆಲಸವಲ್ಲ. ಇದಕ್ಕೆ ಎಷ್ಟು ದೊಡ್ಡ ರಂಧ್ರ ಬೇಕೆಂದು ಕೇಳಿದರೆ ಉತ್ತರ ಆಶ್ಚರ್ಯಕರವಾಗಿದೆ. ಹದಿನೇಳನೆಯ ಶತಮಾನದ ವಿಜ್ಞಾನಿ ತೊರಿಚೆಲ್ಲಿಯ ನಿಯಮದ ಪ್ರಕಾರ ರಂಧ್ರದಿಂದ ಹೊರಬೀಳುವ ನೀರಿನ ವೇಗ, ಮೇಲಿನ ಮಟ್ಟದಿಂದ ಆ ರಂಧ್ರದವರೆಗೆ ಸ್ವತಂತ್ರವಾಗಿ ಬಿದ್ದ ವಸ್ತುವಿನ ವೇಗಕ್ಕೆ ಸಮ. ಎಂಬತ್ತು ಸೆಂಟಿಮೀಟರು ಆಳದಲ್ಲಿ ಅದು ಸೆಕೆಂಡಿಗೆ ಸುಮಾರು 4 ಮೀಟರು. ಅಲ್ಲಿ ಕೇವಲ ಒಂದು ಮಿಲಿಮೀಟರು ವ್ಯಾಸದ ತೂತಿದ್ದರೆ, ಧಾರೆಯ ಸಂಕೋಚವನ್ನು ಕಳೆದರೂ, ದಿನಕ್ಕೆ 160 ಲೀಟರಿನಷ್ಟು ನೀರು ಹರಿದುಹೋಗುತ್ತದೆ. ಮಟ್ಟ ನಾಲ್ಕು ಸೆಂಟಿಮೀಟರು ಇಳಿಯಿತೆಂದು ಗಾಬರಿಗೊಂಡು ದೊಡ್ಡ ಬಿರುಕನ್ನು ಅರಸತಕ್ಕವರು ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು: ಸೂಜಿ ತೂರುವಷ್ಟು ಎಡೆ ಸಾಕು.

ಸೋರಿಕೆಯನ್ನು ಹುಡುಕಲು ಟಬ್ಬಿನ ಹೊರಕವಚದ ಬಾಗಿಲನ್ನು ತೆರೆದು ಒಳಗೆ ಕೈಹಾಕುವ ಮುನ್ನ ಮುಖ್ಯ ಸ್ವಿಚ್ಚನ್ನು ಆರಿಸತಕ್ಕದ್ದು. ಅಮೆರಿಕದ ದೊಡ್ಡ ಟಬ್ಬುಗಳು 240 ವೋಲ್ಟಿನಲ್ಲಿ ನಡೆಯುವಂಥವು, ನೀರೂ ವಿದ್ಯುತ್ತೂ ಕೂಡಿದಲ್ಲಿ ಪಾಂಡಿತ್ಯ ಕಾಪಾಡುವುದಿಲ್ಲ. ಹೋಗುವ ವಿದ್ಯುತ್ತಿಗೂ ಮರಳುವ ವಿದ್ಯುತ್ತಿಗೂ ಸುಮಾರು 5 ಮಿಲಿ ಆಂಪಿಯರಿನ ವ್ಯತ್ಯಾಸ ಕಂಡರೂ ಕ್ಷಣಮಾತ್ರದಲ್ಲಿ ಸರಬರಾಜನ್ನು ಕಡಿಯುವ ರಕ್ಷಣಾ ಸಾಧನವನ್ನು 1961ರಲ್ಲಿ ನಿರ್ಮಿಸಿದ ಚಾರ್ಲ್ಸ್ ಡಾಲ್ಜಿಯಲ್, ಜಕೂಜಿಗಳ ಅದೇ ಬರ್ಕ್ಲಿಯಲ್ಲಿದ್ದ ವಿಶ್ವವಿದ್ಯಾಲಯದ ಪ್ರಾಧ್ಯಾಪಕನೆಂಬುದು ಒಂದು ಸೊಗಸಾದ ಕಾಕತಾಳೀಯ. ಈ ಸಾಧನ ಪದೇ ಪದೇ ಕಡಿಯತೊಡಗಿದರೆ ಅದನ್ನು ಶಪಿಸಬಾರದು. ಹೀಟರಿನ ಸುರುಳಿಗೋ ಪಂಪಿನ ಮೋಟಾರಿಗೋ ನೀರು ತಗುಲಿದೆಯೆಂಬ ಸುಳಿವನ್ನು ಅದು ಕೊಡುತ್ತಿರಬಹುದು.

ಇನ್ನು ಶೋಧನೆಯ ಕ್ರಮ. ಒಂದಿದ್ದಾಗ ಇನ್ನೊಂದಿರುವುದನ್ನೂ ಅದಿಲ್ಲದಾಗ ಇದಿಲ್ಲದಿರುವುದನ್ನೂ ನೋಡಿ ಕಾರಣವನ್ನು ನಿರ್ಣಯಿಸುವ, ನಮ್ಮ ತಾರ್ಕಿಕರು ಅನ್ವಯ-ವ್ಯತಿರೇಕವೆಂದು ಕರೆದ ವಿಧಾನಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಸಿಕ್ಕಲಾರದು. ಪಂಪನ್ನು ನಡೆಸಿ ಒಂದು ದಿನದ ಇಳಿತವನ್ನು ಅಳೆಯಬೇಕು, ನಿಲ್ಲಿಸಿ ಇನ್ನೊಂದು ದಿನದ ಇಳಿತವನ್ನು ಅಳೆಯಬೇಕು. ಪಂಪು ನಡೆಯುವಾಗ ಮಾತ್ರ ನೀರು ಹೋಗಿ, ನಿಂತಾಗ ಹೋಗದಿದ್ದರೆ ದೋಷವಿರುವುದು ಪಂಪಿನಿಂದ ಜೆಟ್ಟಿನವರೆಗಿನ ಒತ್ತಡದ ಭಾಗದಲ್ಲಿ. ನಿಂತಾಗ ಸೋರುತ್ತಿದ್ದು, ನಡೆಯುವಾಗ ಸೋರಿಕೆ ತಗ್ಗಿ ಜೆಟ್ಟುಗಳಿಂದ ಗಾಳಿಯ ಗುಳ್ಳೆಗಳು ನಿರಂತರವಾಗಿ ಹೊಮ್ಮುತ್ತಿದ್ದರೆ ದೋಷವಿರುವುದು ನೀರನ್ನು ಎಳೆದುಕೊಳ್ಳುವ ಭಾಗದಲ್ಲಿ. ಏಕೆಂದರೆ ನಿಂತಾಗ ನೀರನ್ನು ಹೊರಬಿಡುವ ಬಿರುಕೇ ಚಲನೆಯಲ್ಲಿ ಗಾಳಿಯನ್ನು ಒಳಗೆಳೆಯುತ್ತದೆ. ಎರಡು ಸ್ಥಿತಿಗಳಲ್ಲಿಯೂ ಇಳಿತ ಒಂದೇ ಸಮನಾಗಿದ್ದರೆ ಚಿಪ್ಪಿಗೆ ಕೂಡಿಕೊಂಡ ಗ್ಯಾಸ್ಕೆಟ್ಟುಗಳ ಮೇಲೆ ಸಂಶಯ ತಾಳಬೇಕು.

ಇದಕ್ಕಿಂತಲೂ ನಿರ್ಣಾಯಕವಾದ ಪರೀಕ್ಷೆಗೆ ಬೇಕಾದುದು ಸಹನೆಯೊಂದೇ. ಪಂಪನ್ನು ಆರಿಸಿ, ಟಬ್ಬಿಗೆ ನೀರು ಸೇರಿಸದೆ, ಅದು ಎಷ್ಟು ಸೋರುತ್ತದೆಯೋ ಅಷ್ಟು ಸೋರಲು ಬಿಟ್ಟರೆ, ಯಾವುದೋ ಒಂದು ಮಟ್ಟದಲ್ಲಿ ನೀರು ಇಳಿಯುವುದನ್ನು ನಿಲ್ಲಿಸುತ್ತದೆ. ಸೋರುವ ಬಾಯಿ ಆ ಎತ್ತರದಲ್ಲಿಯೇ ಇದೆ. ನೀರು ಬೆನ್ನಿನ ಜೆಟ್ಟುಗಳ ಸಾಲಿನಲ್ಲಿ ನಿಂತರೆ ಪಂಪನ್ನು ಬಿಚ್ಚುವ ಅಗತ್ಯವೇ ಇಲ್ಲ. ಕಾಲಿಡುವ ಕುಳಿಯೂ ಬರಿದಾದರೆ ಪಂಪು, ಹೀಟರು, ಬಸಿಯುವ ನಲ್ಲಿ ಇವುಗಳತ್ತ ತಿರುಗಬೇಕು. ಎತ್ತರ ಗೊತ್ತಾದ ಮೇಲೆ ಮತ್ತೆ ತುಂಬಿ, ನೀರು ನಿಶ್ಚಲವಾದಾಗ, ಶಂಕಿತವಾದ ಒಂದೊಂದು ಜೆಟ್ಟಿನ ಮುಂದೆಯೂ ಅಡುಗೆಯ ಬಣ್ಣದ ಒಂದೆರಡು ಹನಿಗಳನ್ನು ಮೆಲ್ಲನೆ ಬಿಟ್ಟರೆ, ಸೋರುವ ಜೆಟ್ಟು ಆ ಬಣ್ಣವನ್ನು ಎಳೆಯಾಗಿ ತನ್ನತ್ತ ಸೆಳೆದುಕೊಳ್ಳುತ್ತದೆ. ಈ ಉಪಾಯಕ್ಕೆ ಘನವಾದ ವಂಶಾವಳಿಯಿದೆ. ಜರ್ಮನಿಯಲ್ಲಿ ಡ್ಯಾನ್ಯೂಬ್ ನದಿಯ ನೀರು ಸುಣ್ಣಕಲ್ಲಿನ ಪಾತ್ರದಲ್ಲಿ ಇಂಗಿ ಹೋಗುವುದೆಲ್ಲಿಗೆ ಎಂಬ ವಿವಾದ ತಲೆದೋರಿದಾಗ, 1877ರಲ್ಲಿ ಸುಮಾರು 10 ಕಿಲೋಗ್ರಾಂ ಫ್ಲೂರೆಸೀನ್ ಬಣ್ಣವನ್ನು ಅಲ್ಲಿ ಸುರಿದರು. ಎರಡೂವರೆ ದಿನಗಳ ಮೇಲೆ ಹನ್ನೆರಡು ಕಿಲೋಮೀಟರು ದೂರದ ಆಖ್ ಎಂಬ ಬುಗ್ಗೆ ಹಸುರಾಗಿ ಹೊಳೆಯಿತು, ಡ್ಯಾನ್ಯೂಬಿನ ನೀರು ರೈನ್ ನದಿಯನ್ನು ಸೇರುತ್ತದೆಂಬುದು ಸಿದ್ಧವಾಯಿತು.

ಫೋಮು ತುಂಬಿದ ಟಬ್ಬಿನಲ್ಲಿ ಸೋರಿದ ನೀರು ನೇರವಾಗಿ ಕೆಳಗಿಳಿಯದು. ಅದು ಕೊಳವೆಯ ಬೆನ್ನಿನ ಮೇಲೆ ಜಾರಿ, ಫೋಮಿನ ಸಂದುಗಳಲ್ಲಿ ನುಸುಳಿ, ಮೂಲದಿಂದ ಒಂದು ಮೀಟರು ಆಚೆ, ಕೆಲವೊಮ್ಮೆ ಎದುರು ಮೂಲೆಯಲ್ಲಿಯೇ ತೊಟ್ಟಿಕ್ಕುವುದುಂಟು. ನೆಲ ಒದ್ದೆಯಾದ ಜಾಗದಲ್ಲಿಯೇ ಅಗೆಯತೊಡಗಿದವರು ಅರ್ಧ ಟಬ್ಬನ್ನು ಬರಿದೆ ಬಗೆದುಬಿಡುತ್ತಾರೆ. ಆದ್ದರಿಂದ ಮೇಲಿನ ಪರೀಕ್ಷೆಗಳು ಎತ್ತರವನ್ನು ಹೇಳಿದ ಮೇಲೆ, ಆ ಎತ್ತರದಲ್ಲಿಯೇ ಮೊಂಡಾದ ಸಾಧನದಿಂದಲೋ ಬರಿಗೈಯಿಂದಲೋ ಫೋಮನ್ನು ಚೂರುಚೂರಾಗಿ ಕಿತ್ತು, ಒದ್ದೆಯ ಜಾಡನ್ನು ಮೇಲ್ಮುಖವಾಗಿ ಅನುಸರಿಸಬೇಕು. ಹರಿತವಾದ ಚಾಕುವನ್ನು ಹಿಡಿದವನು ಒಂದು ಸೋರಿಕೆಯನ್ನು ಹುಡುಕುತ್ತ ಎರಡನ್ನು ಸೃಷ್ಟಿಸುವನು.

ದುರಸ್ತಿ ಶೋಧನೆಯಷ್ಟು ಕಠಿಣವಲ್ಲ. ಫೋಮಿಗೆ ಕೈಹಚ್ಚುವ ಮೊದಲೇ ಪಂಪನ್ನೂ ಹೀಟರನ್ನೂ ನೋಡಬೇಕು, ಏಕೆಂದರೆ ಬಹುಪಾಲು ಸೋರಿಕೆಗಳು ಅಲ್ಲಿಯೇ ಇರುತ್ತವೆ. ಕೆಲವೊಮ್ಮೆ ಸಡಿಲವಾದ ಯೂನಿಯನ್ನನ್ನು ಕೈಯಿಂದ ಬಿಗಿದು, ಒಳಗಿನ ಓ-ರಿಂಗ್ ಎಂಬ ರಬ್ಬರಿನ ಬಳೆಯನ್ನು ಬದಲಾಯಿಸಿದರೆ ಸಾಕು. ಅದಕ್ಕೆ ಹಚ್ಚತಕ್ಕದ್ದು ಸಿಲಿಕೋನ್ ಗ್ರೀಸನ್ನೇ ಹೊರತು ಕೆಲವು ಬಗೆಯ ರಬ್ಬರನ್ನು ಉಬ್ಬಿಸಿ ಕೆಡಿಸುವ ವ್ಯಾಸಲೀನನ್ನಲ್ಲ. ಮೋಟಾರಿನ ದಂಡ ಪಂಪಿನೊಳಕ್ಕೆ ಪ್ರವೇಶಿಸುವಲ್ಲಿ ಹನಿ ಬೀಳುತ್ತಿದ್ದರೆ ಸವೆದಿರುವುದು ಸೀಲು. ನುಣುಪಾದ ಇಂಗಾಲದ ಬಿಲ್ಲೆಯೊಂದು, ಪಿಂಗಾಣಿಯ ಬಿಲ್ಲೆಯೊಂದು ಸ್ಪ್ರಿಂಗಿನ ಒತ್ತಡದಿಂದ ಪರಸ್ಪರ ಅಪ್ಪಿಕೊಂಡು, ಒಂದು ನಿಂತಿದ್ದು ಇನ್ನೊಂದು ತಿರುಗುತ್ತಿರಲು, ನಡುವಣ ಅತಿ ತೆಳುವಾದ ನೀರಿನ ಪೊರೆಯೇ ಅವುಗಳನ್ನು ತಂಪಾಗಿಡುತ್ತದೆ. ನೀರಿಲ್ಲದೆ ಪಂಪನ್ನು ಕೆಲವು ನಿಮಿಷ ನಡೆಸಿದರೂ ಸೀಲು ಬೆಂದುಹೋಗುತ್ತದೆ. ಹೊಸದನ್ನು ಕೂರಿಸುವಾಗ ಆ ನುಣುಪು ಮುಖಗಳನ್ನು ಬೆರಳಿನಿಂದ ಮುಟ್ಟಬಾರದು.

ಬಿರುಕುಬಿಟ್ಟ ಪಿ.ವಿ.ಸಿ. ಕೊಳವೆಯ ಮೇಲೆ ಮೇಣವನ್ನೋ ಪಟ್ಟಿಯನ್ನೋ ಸುತ್ತುವುದು ಶ್ರಮದ ಅಪವ್ಯಯ. ಆ ತುಂಡನ್ನೇ ಕತ್ತರಿಸಿ ತೆಗೆದು, ಪ್ರೈಮರನ್ನೂ ಸಾಲ್ವೆಂಟ್ ಸಿಮೆಂಟನ್ನೂ ಹಚ್ಚಿ, ಕಪ್ಲಿಂಗಿನಿಂದ ಹೊಸ ತುಂಡನ್ನು ಕೂಡಿಸಬೇಕು. ಈ ಸಿಮೆಂಟು ಎರಡು ಮೈಗಳ ನಡುವೆ ಅಂಟಾಗಿ ನಿಲ್ಲುವುದಿಲ್ಲ. ಎರಡು ಮೈಗಳನ್ನೂ ಕಿಂಚಿತ್ ಕರಗಿಸಿ, ಅವುಗಳ ದೀರ್ಘ ಅಣುಸರಪಳಿಗಳು ಪರಸ್ಪರ ಹೆಣೆದುಕೊಂಡ ಮೇಲೆ ತಾನು ಆವಿಯಾಗಿ ಹೋಗುತ್ತದೆ. ಆದುದರಿಂದ ಸಂದು ಸಂಪೂರ್ಣವಾಗಿ ಒಣಗಿರಬೇಕು, ಕೂಡಿಸಿದ ಮೇಲೆ ಒಂದು ಹಗಲು ಒಂದು ರಾತ್ರಿಯಾದರೂ ನೀರು ಬಿಡದೆ ಕಾಯಬೇಕು. ನೀರಿಗೆ ಸುರಿದೊಡನೆ ಸೋರಿಕೆ ಮುಚ್ಚುವುದೆಂದು ಮಾರುವ ದ್ರವಗಳು ಸಣ್ಣ ಜಿನುಗನ್ನು ತಡೆಯುವುದುಂಟು, ನಿರಾಕರಿಸಲಾರೆ. ಆದರೆ ಒಡೆದ ಪಂಪಿನ ಮುಂದೆ, ಸವೆದ ಸೀಲಿನ ಮುಂದೆ ಅವು ನಿಷ್ಪ್ರಯೋಜಕ.

ಬಳಸಿದ ಟಬ್ಬನ್ನು ಕೊಳ್ಳಹೊರಟಿರುವವರಿಗೆ ಒಂದು ಮಾತು: ಮಾರುವವನ ಅಂಗಳದಲ್ಲಿ ಬರಿದಾಗಿ, ಒಣಗಿ, ಸ್ವಚ್ಛವಾಗಿ ಕಾಣುವ ಟಬ್ಬಿಗಿಂತ ಪಾಚಿ ಹಿಡಿದಿದ್ದರೂ ನೀರು ತುಂಬಿ ಬೆಚ್ಚಗೆ ನಡೆಯುತ್ತಿರುವ ಟಬ್ಬೇ ಮೇಲು. ಬರಿದಾಗಿದ್ದರೆ ಅಲ್ಲಿಯೇ ತುಂಬಿಸಿ, ನೀರಿನ ಮಟ್ಟಕ್ಕೆ ಪೆನ್ಸಿಲಿನಿಂದ ಗುರುತು ಹಾಕಿ, ಒಂದು ರಾತ್ರಿ ಮುಚ್ಚಿಡಲು ಹೇಳಿ, ಬೆಳಿಗ್ಗೆ ಹೋಗಿ ಗುರುತನ್ನು ನೋಡಿದ ಮೇಲೆ ಹಣ ಎಣಿಸಿರಿ.