ಸಮಪಾಲು ಕೇಳಿದ ಹುಡುಗಿ

ಕಾರ್ಟೂನೆಂದರೆ ಮಕ್ಕಳನ್ನು ಸುಮ್ಮನೆ ಕೂರಿಸುವ ಉಪಾಯವೆಂದು ನಮ್ಮಲ್ಲಿ ಅನೇಕರ ಎಣಿಕೆ. ಹಿರಿಯರೂ ಉತ್ತರಕ್ಕೆ ತಡವರಿಸುವಂಥ ಪ್ರಶ್ನೆಯನ್ನು ಕಾರ್ಟೂನು ಹುಡುಗಿಯೊಬ್ಬಳಿಂದ ಕೇಳಿಸಿದವರು ರಾಮ್ ಮೋಹನ್. ಅವರ ಬಾಳನ್ನು ನಾವು ಒಮ್ಮೆ ನೆನೆಯುವುದು ಯೋಗ್ಯ.

1931ರಲ್ಲಿ ಜನಿಸಿದ ಅವರು 1956ರಲ್ಲಿ ಮುಂಬಯಿಯ ಫಿಲ್ಮ್ಸ್ ಡಿವಿಷನ್ನಿನ ಕಾರ್ಟೂನು ವಿಭಾಗವನ್ನು ಸೇರಿದರು. ಡಿಸ್ನಿ ಸಂಸ್ಥೆಯಲ್ಲಿ ದುಡಿದಿದ್ದ ಕ್ಲೇರ್ ವೀಕ್ಸ್ ಅವರಿಂದ ಅಲ್ಲಿ ವಿದ್ಯೆ ಕಲಿತರು. ತೆರೆಯ ಮೇಲೆ ಒಂದು ಸೆಕೆಂಡು ಸಾಗಲು 24 ಚೌಕಟ್ಟುಗಳು ಬೇಕು. ಹತ್ತು ನಿಮಿಷಕ್ಕೆ 14,400. ಕಂಪ್ಯೂಟರ್ ಇಲ್ಲದ ಆ ದಿನಗಳಲ್ಲಿ ಚಲನೆಯೆಲ್ಲವೂ ಕೈಬರಹವೇ. 1972ರಲ್ಲಿ ಸ್ವಂತ ಸ್ಟುಡಿಯೋ ತೆರೆದರು. ಸತ್ಯಜಿತ್ ರಾಯ್ ಅವರ 'ಶತರಂಜ್ ಕೆ ಖಿಲಾಡಿ'ಯಲ್ಲಿ (1977) ಬರುವ ಕಾರ್ಟೂನು ಭಾಗ ಅವರ ಕೆಲಸ. ಜಪಾನಿನ ಯುಗೋ ಸಾಕೋ ಜತೆಗೂಡಿ ಅವರು ನಿರ್ದೇಶಿಸಿದ ರಾಮಾಯಣದ ಚಿತ್ರ 1992ರಲ್ಲಿ ಸಿದ್ಧವಾಯಿತು.

ಆದರೆ ಮನೆಮನೆಯ ಟೆಲಿವಿಷನ್ನಿಗೆ ಅವರನ್ನು ತಲುಪಿಸಿದವಳು ಮೀನಾ. 1991ರಿಂದ 2000ದವರೆಗಿನ ಅವಧಿಯನ್ನು ಸಾರ್ಕ್ ರಾಷ್ಟ್ರಗಳು ಹೆಣ್ಣುಮಗುವಿನ ದಶಕವೆಂದು ಸಾರಿದ್ದವು. ಆ ಕಾಲದಲ್ಲಿ ಯುನಿಸೆಫ್‌ನ ಆಲೋಚನೆಯೊಂದಕ್ಕೆ ರಾಮ್ ಮೋಹನ್ ರೂಪ ಕೊಟ್ಟರು. ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ನೇಪಾಳ ಎಲ್ಲೆಡೆಯೂ 'ಇವಳು ನಮ್ಮ ಹುಡುಗಿ' ಎನಿಸಬೇಕಿತ್ತು. ಅದಕ್ಕಾಗಿ ಕರಡು ಚಿತ್ರಗಳನ್ನು ಜನರಿಗೆ ತೋರಿಸಿ, ಅವರ ಅಭಿಪ್ರಾಯ ಕೇಳಿಯೇ ಮುಖವನ್ನೂ ಉಡುಪನ್ನೂ ತಿದ್ದಲಾಯಿತು.

ಮೀನಾಳ ಕಥೆಗಳು ಸರಳ. ತಮ್ಮ ರಾಜು ಶಾಲೆಗೆ ಹೋಗುತ್ತಾನೆ. ಇವಳಿಗೆ ಆ ಭಾಗ್ಯವಿಲ್ಲ. ಸಾಕಿದ ಗಿಳಿ ಮಿಠುವನ್ನೇ ತರಗತಿಗೆ ಕಳುಹಿಸುತ್ತಾಳೆ. ಗಿಳಿ ತಂದ ಪಾಠದಿಂದ ಎಣಿಕೆ ಕಲಿತು, ಕೋಳಿಯೊಂದು ಕಡಮೆಯಾದುದನ್ನು ಪತ್ತೆಹಚ್ಚುತ್ತಾಳೆ. ಇನ್ನೊಂದು ಕಥೆಯಲ್ಲಿ ಮಾವಿನ ಹಣ್ಣಿನ ದೊಡ್ಡ ಪಾಲು ರಾಜುವಿಗೆ. ಒಂದು ದಿನ ಇಬ್ಬರೂ ಕೆಲಸ ಅದಲುಬದಲು ಮಾಡಿಕೊಂಡ ಮೇಲೆ, ಅಕ್ಕನ ದುಡಿಮೆ ಎಷ್ಟೆಂಬುದು ಅವನಿಗೆ ತಿಳಿಯುತ್ತದೆ. ಇಲ್ಲಿ ಯಾರೂ ಉಪದೇಶ ಮಾಡುವುದಿಲ್ಲ, ನೋಡಿದವರಿಗೇ ನಾಚಿಕೆಯಾಗುತ್ತದೆ.

ನಾವು ಮುಖ್ಯವಾಗಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಮೀನಾ ಒಂದೇ ಭಾಷೆಗೆ ಕಟ್ಟುಬೀಳಲಿಲ್ಲ. ಬಂಗಾಳಿ, ಹಿಂದಿ, ಉರ್ದು, ನೇಪಾಳಿ ಎಂದು ಹೋದ ಮನೆಯ ಮಾತನ್ನೇ ಆಡಿದಳು. ಮನೆಯೊಂದು ಮಾತು, ಬೀದಿಯೊಂದು ಮಾತು ಆಗಿರುವ ನಮಗೆ ಇದರ ಬೆಲೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ತಾಯ್ನುಡಿಯಲ್ಲಿ ಕೇಳಿದ ಪ್ರಶ್ನೆ ನೇರವಾಗಿ ಅಡುಗೆಮನೆಗೇ ಬರುತ್ತದೆ.

ರಾಮ್ ಮೋಹನ್ ಅವರಿಗೆ 2014ರಲ್ಲಿ ಪದ್ಮಶ್ರೀ ಸಂದಿತು. 2019ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು. ಮೀನಾಳ ಪ್ರಶ್ನೆ ಮಾತ್ರ ಉಳಿದಿದೆ. ಬರುವ ಬೇಸಗೆಯಲ್ಲಿ ಮಾವಿನ ಹಣ್ಣು ಕೊಯ್ಯುವಾಗ, ದೊಡ್ಡ ಹೋಳು ಯಾರ ತಟ್ಟೆಗೆ ಬೀಳುತ್ತದೆಂದು ನಮ್ಮ ನಮ್ಮ ಮನೆಗಳಲ್ಲಿ ನೋಡಿಕೊಳ್ಳೋಣ.