ಹಂದಿಗೋಡು ಕಾಯಿಲೆ: ಬೆನ್ನೆಲುಬು ಮತ್ತು ಸೊಂಟದ ಕೀಲಿನ ತಪಾಸಣೆಯ ಬಗ್ಗೆ ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಹಂದಿಗೋಡು ಕಾಯಿಲೆಯು ಬೆನ್ನೆಲುಬು ಹಾಗೂ ಸೊಂಟದ ಕೀಲುಗಳನ್ನು ಬಾಧಿಸುವ ಆನುವಂಶಿಕ ಮೂಳೆ ರೋಗವಾಗಿದೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ 1970ರ ದಶಕದ ಮಧ್ಯಭಾಗದಲ್ಲಿ ಇದು ಮೊದಲು ಗಮನಕ್ಕೆ ಬಂದುದರಿಂದ ಆ ಗ್ರಾಮದ ಹೆಸರೇ ರೋಗಕ್ಕೆ ಬಂದಿದೆ. ನಂತರ ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳಲ್ಲಿಯೂ, ನೆರೆಯ ಚಿಕ್ಕಮಗಳೂರು ಜಿಲ್ಲೆಯಲ್ಲಿಯೂ ಇದೇ ಲಕ್ಷಣಗಳುಳ್ಳ ಕುಟುಂಬಗಳು ಪತ್ತೆಯಾದವು.

ಈ ತಾಲ್ಲೂಕುಗಳಲ್ಲಿ ಗದ್ದೆ, ತೋಟಗಳಲ್ಲಿ ದುಡಿಯುವವರಿಗೆ ಬೆನ್ನುನೋವು ಸಾಮಾನ್ಯ. ನಾಟಿಯ ಕಾಲದಲ್ಲಿ ಬಗ್ಗಿ ದುಡಿದುದರಿಂದ ಬಂದ ನೋವು, ಡಿಸ್ಕ್ ಜಾರಿದುದರಿಂದ ಬಂದ ನೋವು ಮತ್ತು ಹಂದಿಗೋಡು ಕಾಯಿಲೆಯ ನೋವು ಆರಂಭದಲ್ಲಿ ಒಂದೇ ರೀತಿ ತೋರಬಹುದು. ಆದರೆ ಇವುಗಳ ಚಿಕಿತ್ಸೆ ಬೇರೆ ಬೇರೆ. ಆದುದರಿಂದ ಸರಿಯಾದ ತಪಾಸಣೆ ಅವಶ್ಯಕ.

ಕಾಯಿಲೆಯ ಕಾರಣ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು 1970ರ ದಶಕದಲ್ಲಿ ಈ ಕಾಯಿಲೆಯ ಅಧ್ಯಯನ ನಡೆಸಿದರು. ಗದ್ದೆಗೆ ಸಿಂಪಡಿಸಿದ ಕೀಟನಾಶಕ ಹಾಗೂ ಅಂತಹ ಗದ್ದೆಗಳ ಏಡಿ, ಮೀನುಗಳ ಸೇವನೆಯೇ ಕಾರಣವಿರಬಹುದೆಂಬ ಸಂಶಯ ಆಗ ವ್ಯಕ್ತವಾಗಿತ್ತು. ನಂತರದ ಅಧ್ಯಯನಗಳು ಇದು ತಂದೆ ಅಥವಾ ತಾಯಿಯಿಂದ ಮಕ್ಕಳಿಗೆ ಬರುವ ರೋಗವೆಂದು ತೋರಿಸಿದವು. ತಂದೆ ತಾಯಿಯರಲ್ಲಿ ಒಬ್ಬರಿಗೆ ಈ ದೋಷವಿದ್ದಲ್ಲಿ, ಹುಟ್ಟುವ ಪ್ರತಿಯೊಂದು ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ಅದು ಬರುವ ಸಂಭವ ಅರ್ಧದಷ್ಟಿರುತ್ತದೆ. ಚಲವಾದಿ ಮತ್ತು ಚನ್ನಂಗಿ ಸಮುದಾಯಗಳ ಕೆಲವು ಕುಟುಂಬಗಳಲ್ಲಿ ಇದು ಹೆಚ್ಚಾಗಿ ಕಂಡುಬಂದಿದೆ. ದಕ್ಷಿಣ ಆಫ್ರಿಕಾದ ಮ್ಸೆಲೇನಿ ಎಂಬ ಪ್ರದೇಶದಲ್ಲಿಯೂ ಇದನ್ನು ಹೋಲುವ ಕೀಲುರೋಗವಿದೆ.

ಇದು ಅಂಟುರೋಗವಲ್ಲ. ಒಟ್ಟಿಗೆ ಊಟ ಮಾಡುವುದರಿಂದ, ಒಂದೇ ಬಾವಿಯ ನೀರು ಬಳಸುವುದರಿಂದ ಅಥವಾ ರೋಗಿಯ ಆರೈಕೆ ಮಾಡುವುದರಿಂದ ಇದು ಹರಡುವುದಿಲ್ಲ.

ಲಕ್ಷಣಗಳು

1994ರಲ್ಲಿ ಪ್ರಕಟವಾದ ಕ್ಷ-ಕಿರಣ ಅಧ್ಯಯನದಲ್ಲಿ ಈ ಕಾಯಿಲೆಯ ಮೂರು ಬಗೆಗಳನ್ನು ವಿವರಿಸಲಾಗಿದೆ.

1. ಎತ್ತರ ಸಾಮಾನ್ಯವಾಗಿದ್ದು, ಸೊಂಟದ ಕೀಲು ಸವೆದು ನೋವು ಬರುವುದು.
2. ಬೆನ್ನೆಲುಬಿನ ಮಣಿಗಳು ಚಪ್ಪಟೆಯಾಗಿ, ಕೈಕಾಲುಗಳಿಗೆ ಹೋಲಿಸಿದಲ್ಲಿ ಮುಂಡವು ಗಿಡ್ಡವಾಗಿರುವುದು. ಸೊಂಟದ ಕೀಲೂ ವಿರೂಪಗೊಂಡಿರುವುದು.
3. ದೇಹದ ಇತರ ಮೂಳೆಗಳೂ ಬಾಧಿತವಾಗಿ ಕುಬ್ಜತೆ ಉಂಟಾಗುವುದು.

ಕುಳಿತು ಏಳುವಾಗ ಕಷ್ಟ, ನಡಿಗೆಯಲ್ಲಿ ಓಲಾಟ, ಸೊಂಟ ಮತ್ತು ಮೊಣಕಾಲಿನ ನೋವು ಸಾಮಾನ್ಯವಾಗಿ ಕಾಣುವ ಲಕ್ಷಣಗಳು. ಒಂದೇ ಮನೆಯಲ್ಲಿ ಒಬ್ಬರಿಗೆ ತೀವ್ರವಾಗಿಯೂ ಮತ್ತೊಬ್ಬರಿಗೆ ಸೌಮ್ಯವಾಗಿಯೂ ಇರಬಹುದು.

ತಪಾಸಣೆಗೆ ಬರುವ ಮುನ್ನ

ಈ ಕಾಯಿಲೆಯನ್ನು ಗುರುತಿಸುವಲ್ಲಿ ಯಂತ್ರಕ್ಕಿಂತ ಮೊದಲು ನೆರವಾಗುವುದು ಕುಟುಂಬದ ವಿವರ. ಅಜ್ಜ, ಅಜ್ಜಿ, ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗೆ ನಡಿಗೆಯ ತೊಂದರೆ ಇತ್ತು, ಯಾವ ವಯಸ್ಸಿನಲ್ಲಿ ನೋವು ಆರಂಭವಾಯಿತು ಎಂಬುದನ್ನು ವೈದ್ಯರಿಗೆ ತಿಳಿಸತಕ್ಕದ್ದು. ಮಕ್ಕಳ ಮದುವೆಗೆ ಅಡ್ಡಿಯಾದೀತೆಂಬ ಭಯದಿಂದ ಕೆಲವರು ಇದನ್ನು ಮರೆಮಾಚುತ್ತಾರೆ. ಹೀಗೆ ಮಾಡುವುದರಿಂದ ರೋಗನಿರ್ಣಯ ವಿಳಂಬವಾಗಿ, ರೋಗಿಯು ಅನಗತ್ಯ ಔಷಧಿ ಮತ್ತು ಪರೀಕ್ಷೆಗಳಿಗೆ ಹಣ ವ್ಯಯಿಸಬೇಕಾಗುತ್ತದೆ. ಹಿಂದೆ ತೆಗೆಸಿದ ಎಕ್ಸ್-ರೇ ಫಿಲಂಗಳಿದ್ದಲ್ಲಿ ಅವುಗಳನ್ನೂ ತರುವುದು ಸೂಕ್ತ.

ಎಕ್ಸ್-ರೇ ಪರೀಕ್ಷೆ

ಬೆನ್ನೆಲುಬು ಹಾಗೂ ಎರಡೂ ಸೊಂಟದ ಕೀಲುಗಳ ಎಕ್ಸ್-ರೇ ಈ ಕಾಯಿಲೆಯ ಮುಖ್ಯ ಪರೀಕ್ಷೆಯಾಗಿದೆ. ಬೆನ್ನಿನ ಚಿತ್ರವನ್ನು ಮಾತ್ರ ತೆಗೆದಲ್ಲಿ ಕಾಯಿಲೆ ಗಮನಕ್ಕೆ ಬಾರದೆ ಹೋಗಬಹುದು. ಪರೀಕ್ಷೆಗೆ ಮುನ್ನ ಸೊಂಟದ ಉಡಿದಾರ, ತಾಯಿತ, ನಾಣ್ಯ ಮುಂತಾದ ಲೋಹದ ವಸ್ತುಗಳನ್ನು ತೆಗೆದಿಡಬೇಕು. ರೋಗಿಯನ್ನು ಮೇಜಿನ ಮೇಲೆ ಅಂಗಾತ ಹಾಗೂ ಒಂದು ಮಗ್ಗುಲಾಗಿ ಮಲಗಿಸಿ, ಕ್ಷಣಕಾಲ ಉಸಿರು ಹಿಡಿಯಲು ಹೇಳಲಾಗುವುದು. ಕಿರಣದಿಂದ ನೋವಾಗುವುದಿಲ್ಲ. ಆದರೆ ಕೀಲು ಬಿಗಿದವರಿಗೆ ಗಟ್ಟಿ ಮೇಜಿನ ಮೇಲೆ ಮಲಗಲು ಕಷ್ಟವಾಗಬಹುದು. ಅದನ್ನು ಸಿಬ್ಬಂದಿಗೆ ಮೊದಲೇ ತಿಳಿಸುವುದು. ಗರ್ಭಿಣಿಯರು ಹಾಗೂ ಗರ್ಭಿಣಿಯಾಗಿರುವ ಸಂಭವವಿರುವವರು ಕಡ್ಡಾಯವಾಗಿ ತಿಳಿಸತಕ್ಕದ್ದು.

ಎಂ.ಆರ್.ಐ. ಪರೀಕ್ಷೆ

ಬೆನ್ನೆಲುಬಿನ ಮಣಿಗಳ ನಡುವೆ ಇರುವ ಮೆತ್ತೆಯಂತಹ ಭಾಗವೇ ಡಿಸ್ಕ್. ಎಕ್ಸ್-ರೇಯಲ್ಲಿ ಮೂಳೆಯು ಸ್ಪಷ್ಟವಾಗಿ ಕಾಣುತ್ತದೆ, ಡಿಸ್ಕ್ ಕಾಣುವುದಿಲ್ಲ. ನೋವು ಕಾಲಿಗೆ ಇಳಿಯುತ್ತಿದ್ದರೆ, ಜೋಮು ಅಥವಾ ಬಲಹೀನತೆ ಇದ್ದರೆ, ನರದ ಮೇಲೆ ಒತ್ತಡವಿದೆಯೇ ಎಂದು ತಿಳಿಯಲು ವೈದ್ಯರು ಎಂ.ಆರ್.ಐ. ಪರೀಕ್ಷೆಗೆ ಸೂಚಿಸಬಹುದು. ಇದರಲ್ಲಿ ಕ್ಷ-ಕಿರಣದ ಬದಲು ಕಾಂತಶಕ್ತಿಯನ್ನು ಬಳಸಲಾಗುತ್ತದೆ. ರೋಗಿಯು ಸುಮಾರು ಅರ್ಧ ಗಂಟೆ ಕೊಳವೆಯಾಕಾರದ ಯಂತ್ರದೊಳಗೆ ಅಲುಗಾಡದೆ ಮಲಗಬೇಕಾಗುತ್ತದೆ. ಯಂತ್ರದ ಶಬ್ದ ಜೋರಾಗಿರುತ್ತದೆ, ಗಾಬರಿಪಡಬೇಕಾಗಿಲ್ಲ. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರು, ಸೊಂಟದ ಕೀಲು ಬದಲಾವಣೆ ಮಾಡಿಸಿಕೊಂಡವರು ಮೊದಲೇ ತಿಳಿಸತಕ್ಕದ್ದು.

ಡಿಸ್ಕಿಗೆ ಸೂಜಿ ಚುಚ್ಚುವ ಪರೀಕ್ಷೆ

ಡಿಸ್ಕೋಗ್ರಫಿ ಎಂಬ ಪರೀಕ್ಷೆಯಲ್ಲಿ, ಚರ್ಮಕ್ಕೆ ಅರಿವಳಿಕೆ ನೀಡಿ, ಎಕ್ಸ್-ರೇ ಪರದೆಯನ್ನು ನೋಡುತ್ತ ಡಿಸ್ಕಿನೊಳಗೆ ಸೂಜಿಯ ಮೂಲಕ ವಿಶೇಷ ದ್ರವವನ್ನು ಸೇರಿಸಲಾಗುತ್ತದೆ. ಆಗ ಬರುವ ನೋವು ರೋಗಿಯ ನಿತ್ಯದ ನೋವಿನಂತೆಯೇ ಇದೆಯೇ ಎಂದು ವೈದ್ಯರು ಕೇಳುತ್ತಾರೆ. ಪರೀಕ್ಷೆಯ ನಂತರ ಕೆಲವು ದಿನ ನೋವು ಹೆಚ್ಚಾಗಬಹುದು. ಅಪರೂಪವಾಗಿ ಡಿಸ್ಕಿಗೆ ಸೋಂಕು ತಗಲುವ ಅಪಾಯವೂ ಉಂಟು. ಬೆನ್ನಿನ ಶಸ್ತ್ರಚಿಕಿತ್ಸೆಯನ್ನು ಯೋಚಿಸುತ್ತಿರುವ ಕೆಲವೇ ರೋಗಿಗಳಿಗೆ ಇದನ್ನು ಸೂಚಿಸಲಾಗುತ್ತದೆ. ಹಂದಿಗೋಡು ಕಾಯಿಲೆಯನ್ನು ಗುರುತಿಸಲು ಇದರ ಅಗತ್ಯವಿಲ್ಲ. ಯಾರಾದರೂ ಸೂಚಿಸಿದಲ್ಲಿ, ಯಾವ ಉದ್ದೇಶಕ್ಕಾಗಿ ಎಂದು ಕೇಳುವ ಹಕ್ಕು ರೋಗಿಗೆ ಇದೆ.

ತಡಮಾಡಬಾರದ ಸಂದರ್ಭಗಳು

ಬೆನ್ನುನೋವಿನೊಂದಿಗೆ ಜ್ವರ ಮತ್ತು ತೂಕ ಇಳಿಕೆ ಇದ್ದಲ್ಲಿ ಅದು ಬೆನ್ನೆಲುಬಿನ ಕ್ಷಯರೋಗವಾಗಿರಬಹುದು. ಅದಕ್ಕೆ ಗುಣಪಡಿಸುವ ಚಿಕಿತ್ಸೆ ಇದೆ. ಕಾಲುಗಳ ಶಕ್ತಿ ಕುಂದಿದಲ್ಲಿ ಅಥವಾ ಮಲಮೂತ್ರದ ಹಿಡಿತ ತಪ್ಪಿದಲ್ಲಿ ಅದೇ ದಿನ ಆಸ್ಪತ್ರೆಗೆ ಬರತಕ್ಕದ್ದು.

ರೋಗನಿರ್ಣಯದ ನಂತರ

ಈ ಕಾಯಿಲೆಯನ್ನು ಸಂಪೂರ್ಣವಾಗಿ ಗುಣಪಡಿಸುವ ಔಷಧಿ ಇಲ್ಲ. ಆದರೆ ನೋವುನಿವಾರಕ, ವ್ಯಾಯಾಮ ಹಾಗೂ ಊರುಗೋಲಿನ ಬಳಕೆಯಿಂದ ನೋವು ಕಡಿಮೆಯಾಗುತ್ತದೆ. ಕೀಲು ತೀರಾ ಸವೆದವರಿಗೆ ಕೃತಕ ಕೀಲು ಜೋಡಣೆಯಿಂದ ಮತ್ತೆ ನಡೆಯಲು ಸಾಧ್ಯವಾಗಬಹುದು. ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂರುವುದನ್ನು ಮತ್ತು ಭಾರದ ಹೊರೆ ಹೊರುವುದನ್ನು ಕಡಿಮೆ ಮಾಡಬೇಕು.

ರೋಗನಿರ್ಣಯದ ದಾಖಲೆಗಳು ಸೌಲಭ್ಯಗಳನ್ನು ಪಡೆಯಲು ಸಹ ನೆರವಾಗುತ್ತವೆ. ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ ಪಟ್ಟಿಯಲ್ಲಿ ಕುಬ್ಜತೆ ಸೇರಿದೆ. ವಯಸ್ಕರ ಎತ್ತರ 147 ಸೆಂಟಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಇದ್ದಲ್ಲಿ ಅದು ಅನ್ವಯಿಸುತ್ತದೆ. ಎತ್ತರ ಸಾಮಾನ್ಯವಾಗಿದ್ದರೂ ಕೀಲಿನ ತೊಂದರೆ ಇರುವವರು ಚಲನವಲನ ವಿಕಲತೆಯ ಅಡಿಯಲ್ಲಿ ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸಬಹುದು. ಅನೇಕ ಸೌಲಭ್ಯಗಳಿಗೆ ಕನಿಷ್ಠ ಶೇಕಡಾ 40ರಷ್ಟು ವಿಕಲತೆ ಇರಬೇಕಾಗುತ್ತದೆ.

ಬಾಧಿತ ಕುಟುಂಬಗಳವರು ಮಕ್ಕಳ ನಡಿಗೆಯಲ್ಲಿ ಅಥವಾ ಬೆಳವಣಿಗೆಯಲ್ಲಿ ವ್ಯತ್ಯಾಸ ಕಂಡ ಕೂಡಲೇ ಆಶಾ ಕಾರ್ಯಕರ್ತೆಯರನ್ನು ಅಥವಾ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸತಕ್ಕದ್ದು. ಹೆಚ್ಚಿನ ತಪಾಸಣೆಗಾಗಿ ತಾಲ್ಲೂಕು ಆಸ್ಪತ್ರೆಗೂ, ಅಲ್ಲಿಂದ ಅವಶ್ಯವಿದ್ದಲ್ಲಿ ಶಿವಮೊಗ್ಗದ ಮೆಗ್ಗಾನ್ ಬೋಧನಾ ಆಸ್ಪತ್ರೆಗೂ ತೆರಳಬಹುದು. ರೋಗವಿರುವುದು ಯಾರ ತಪ್ಪೂ ಅಲ್ಲ. ಅದನ್ನು ಮುಚ್ಚಿಡದೆ ಬೇಗ ಗುರುತಿಸುವುದೇ ಮುಂದಿನ ಪೀಳಿಗೆಗೆ ಮಾಡಬಹುದಾದ ಉಪಕಾರ.