ಕವನಕ್ಕೂ ಗಿರಾಕಿ ಬೇಕೇ?

ಸಿರುಗುಪ್ಪದ ಭತ್ತಕ್ಕೆ ದರವುಂಟು. ಕುರುಗೋಡಿನ ಮೆಣಸಿನಕಾಯಿಗೂ ದರವುಂಟು. ಬಳ್ಳಾರಿಯ ಕವಿ ಬರೆದ ಕವನಕ್ಕೆ?

‘ಯಾರ್ ಓದ್ತಾರ್ರೀ ಅದನ್ನ?’ ಎಂಬುದು ಅಂಗಡಿ ಕಟ್ಟೆಯ ಉತ್ತರ. ಅದರಲ್ಲಿ ಸುಳ್ಳೇನಿಲ್ಲ. ಕವಿ ಮಹಾಶಯರು ಕೈಯಿಂದ ಹಣ ಹಾಕಿ ಐನೂರು ಪ್ರತಿ ಅಚ್ಚು ಹಾಕಿಸುತ್ತಾರೆ. ಬಿಡುಗಡೆ ದಿನ ಹಾರ, ಶಾಲು, ಭಾಷಣ ಎಲ್ಲ ಜೋರು. ಮರುದಿನದಿಂದ ಪುಸ್ತಕದ ಕಟ್ಟು ಮಂಚದ ಕೆಳಗೆ! ಉಳಿದದ್ದು ಗೌರವಪ್ರತಿ. ಅದು ಅಂಗಡಿಯ ಗಲ್ಲೆ ಪಕ್ಕ ಲೆಕ್ಕದ ಪುಸ್ತಕದ ಅಡಿಗೆ ಸೇರುತ್ತದೆ. ‘ಓದಿದ್ರಾ ಸಾವ್ಕಾರ್ರೇ?’ ಎಂದು ಕೇಳಿದರೆ ‘ಓದ್ಬೇಕ್ರೀ ಮಾಸ್ತರೇ, ಪುರುಸೊತ್ತೇ ಇಲ್ಲ’ ಎಂಬ ಮಾತು ಸಿದ್ಧ.

ಹಾಗಾದರೆ ಅಚ್ಚು ಹಾಕಿಸುವುದಾದರೂ ಏಕೆ? ಹೆಸರಿನ ಆಸೆ ಎನ್ನುವವರಿದ್ದಾರೆ. ಪ್ರಶಸ್ತಿಗೆ ಎನ್ನುವವರಿದ್ದಾರೆ. ಸರ್ಕಾರಿ ಗ್ರಂಥಾಲಯಗಳು ಕೊಳ್ಳುತ್ತವೆ, ಕನ್ನಡ ಪುಸ್ತಕ ಪ್ರಾಧಿಕಾರ ಹೊಸಬರ ಮೊದಲ ಪುಸ್ತಕಕ್ಕೆ ಪ್ರೋತ್ಸಾಹಧನ ಕೊಡುತ್ತದೆ, ಅದಕ್ಕೇ ಇಷ್ಟೆಲ್ಲ ಎಂದು ಮೂಗು ಮುರಿಯುವವರೂ ಇದ್ದಾರೆ. ಇರಲಿ. ಆದರೆ ಇದೇ ಜಿಲ್ಲೆಯ ಒಬ್ಬ ಅಜ್ಜಿಯ ಕಥೆ ಕೇಳಿ.

ಸಂಡೂರು ತಾಲ್ಲೂಕಿನ ದರೋಜಿ ಈರಮ್ಮ ಬುರ್ರಕಥೆ ಹಾಡುತ್ತಿದ್ದರು. ಓದು ಬರಹ ಬಾರದು. ಪುಸ್ತಕವೂ ಇಲ್ಲ, ಬಿಡುಗಡೆಯೂ ಇಲ್ಲ. ಹನ್ನೆರಡು ಜಾನಪದ ಮಹಾಕಾವ್ಯಗಳು ಅವರ ಬಾಯಲ್ಲೇ ಇದ್ದವು! ಓದುಗರಿಲ್ಲ ಎಂದು ಆಕೆ ಕೊರಗಲಿಲ್ಲ, ಏಕೆಂದರೆ ಎದುರಿಗೆ ಕೇಳುವ ಜನ ಕೂತಿರುತ್ತಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. 2014ರ ಆಗಸ್ಟ್‌ನಲ್ಲಿ ಈರಮ್ಮ ತೀರಿಕೊಂಡರು. ಅವರಿಂದ ಹಾಡಿಸಿ, ಬರೆದುಕೊಂಡು, ಅಚ್ಚು ಹಾಕಿದ್ದು ಇಂದಿಗೂ ಓದಲು ಸಿಗುತ್ತದೆ. ಯಾರೂ ಬರೆದುಕೊಳ್ಳದೆ, ಕಲಿಯದೆ ಬಿಟ್ಟ ಪದಗಳಿದ್ದರೆ ಅವು ಆಕೆಯ ಜೊತೆಗೇ ಹೋದವು. ಯಾವ ಅಂಗಡಿಯಲ್ಲಿ ಹುಡುಕಿದರೂ ಸಿಗುವುದಿಲ್ಲ.

ಇನ್ನೊಂದು ಕಥೆ ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರದು. 12ನೇ ಶತಮಾನದ ಶರಣರ ವಚನಗಳು ಎಷ್ಟೋ ಮನೆಗಳಲ್ಲಿ ತಾಳೆಗರಿಯ ಕಟ್ಟಿನೊಳಗೇ ಉಳಿದಿದ್ದವು. ಪೂಜೆ ಉಂಟು, ಓದು ಇಲ್ಲ. ಹಳಕಟ್ಟಿಯವರು ಊರೂರು ಅಲೆದು ಗರಿ ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ ಪ್ರಕಟಿಸಿದರು. ಸ್ವಂತ ಮನೆ ಮಾರಿ ಮುದ್ರಣಾಲಯ ನಡೆಸಿದರು. 1926ರಲ್ಲಿ ಬಳ್ಳಾರಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಇಂದು ವಚನ ಗೊತ್ತಿಲ್ಲದ ಕನ್ನಡಿಗ ಯಾರು? ಅಚ್ಚು ಹಾಕಿದ ದಿನ ಓದುಗರೆಷ್ಟು ಎಂದು ಲೆಕ್ಕ ಹಾಕಿ ಕೂತಿದ್ದರೆ ಆ ಕೆಲಸ ಆಗುತ್ತಿತ್ತೇ?

ಅಂದರೆ ಪುಸ್ತಕ ಎಂಬುದು ಇಂದಿನ ಗಿರಾಕಿಗೆ ಮಾತ್ರವಲ್ಲ, ಮುಂದೆ ಬರುವವನಿಗೂ. ಕುರುಗೋಡಿನಲ್ಲಿ ಸಿಂದ ಅರಸರ ಕಾಲದ ಶಾಸನ ಕೆತ್ತಿದವನಿಗೆ ಎಂಟು ನೂರು ವರ್ಷದ ಮೇಲೆ ಯಾರು ಓದುತ್ತಾರೆಂದು ಗೊತ್ತಿತ್ತೇ?

ಹಾಗಂತ ಮಂಚದ ಕೆಳಗಿನ ಕಟ್ಟಿಗೆ ಮಾಫಿ ಇಲ್ಲ. ಗೋದಾಮಿನಲ್ಲಿ ಕೊಳೆಯುವ ಮಾಲಿಗೆ ವ್ಯಾಪಾರ ಎನ್ನುತ್ತಾರೆಯೇ? ಇದೇ ಜಿಲ್ಲೆಯ ಜೋಳದರಾಶಿ ದೊಡ್ಡನಗೌಡರು (1910–1994) ಕವಿಯೂ ಹೌದು, ನಟರೂ ಹೌದು, ಗಮಕಿಯೂ ಹೌದು. ಗಮಕವೆಂದರೆ ಒಬ್ಬ ಓದಬೇಕು, ಊರು ಕೇಳಬೇಕು. ಅವರ ಹೆಸರಿನ ರಂಗಮಂದಿರ ಬಳ್ಳಾರಿಯಲ್ಲಿದೆ. ನಮ್ಮ ಹೊಸ ಕವಿಗಳು ಪ್ರೆಸ್ಸಿಗೆ ಹೋಗುವ ಮೊದಲು ನಾಲ್ಕು ಜನರ ಮುಂದೆ ಕವನ ಓದಿ ತೋರಿಸಲಿ. ಕೇಳುವವರು ಆಕಳಿಸಿದರೆ ತಿದ್ದಲಿ. ‘ಇನ್ನೊಮ್ಮೆ ಓದ್ರೀ’ ಎಂದರೆ ಧೈರ್ಯವಾಗಿ ಅಚ್ಚು ಹಾಕಿಸಲಿ.

ಅಂಗಡಿಯವರಿಗೂ, ಬಸ್ಸಿನಲ್ಲಿ ಸಿರುಗುಪ್ಪಕ್ಕೆ ಓಡಾಡುವವರಿಗೂ ಒಂದು ಮಾತು. ಇನ್ನು ಮೇಲೆ ಯಾರಾದರೂ ಗೌರವಪ್ರತಿ ಹಿಡಿದು ಬಂದರೆ ಪುಕ್ಕಟೆ ತಗೋಬೇಡಿ. ರೊಕ್ಕ ಕೊಟ್ಟೇ ತಗೊಳ್ಳಿ. ರೊಕ್ಕ ಕೊಟ್ಟವನು ಬಸ್ ಹೊರಡುವುದರೊಳಗೆ ಎರಡು ಪುಟವನ್ನಾದರೂ ತಿರುವಿ ಹಾಕುತ್ತಾನೆ!